ಗೊರಕೆ ನಿಂತ ಹೊತ್ತು

ಅಜ್ಜೀಪುರದಂಥ ಊರಿನಲ್ಲಿ ರಾತ್ರಿ ಹತ್ತರ ಮೇಲೆ ಕಿವಿಗೆ ಬೀಳುವ ಸದ್ದುಗಳು ಬೆರಳೆಣಿಕೆಯಷ್ಟು. ದೂರದಲ್ಲೊಂದು ನಾಯಿ, ಹೊಲದ ಕಡೆಯಿಂದ ಪಂಪ್‌ಸೆಟ್ಟಿನ ಗುಂಯ್‌ಗುಡುವಿಕೆ, ರಸ್ತೆಯಲ್ಲಿ ತಡವಾಗಿ ಹೊರಟ ಯಾವುದೋ ಲಾರಿ. ಬೇಸಿಗೆಯಾದರೆ ಜಗುಲಿಯ ಮೇಲೆ ಚಾಪೆ ಹಾಸಿ ಮಲಗಿದವರ ಗೊರಕೆಯೂ ಇದರ ಜೊತೆ ಸೇರುತ್ತದೆ. ಯಾವ ಗೊರಕೆ ಯಾರ ಮನೆಯದು ಎಂಬುದು ಬೀದಿಗೆಲ್ಲ ಗೊತ್ತು. ಮದುವೆ ಮನೆಯಲ್ಲಿ, ಬೆಟ್ಟದ ಜಾತ್ರೆಗೆ ಹೋದಾಗ ತಂಗಿದ ಛತ್ರದಲ್ಲಿ ಅದೇ ಮರುದಿನದ ತಮಾಷೆ. ಗೊರಕೆ ಹೊಡೆಯುವವನಿಗೆ ಕುಂಭಕರ್ಣನೆಂಬ ಬಿರುದು ಪುಕ್ಕಟೆ. ‘ಪುಣ್ಯವಂತ, ತಲೆ ಇಟ್ಟರೆ ಸಾಕು ನಿದ್ದೆ’ ಎಂಬ ಹೊಟ್ಟೆಕಿಚ್ಚೂ ಉಂಟು.

ಆದರೆ ಗೊರಕೆಯಲ್ಲಿ ಹೆದರಬೇಕಾದದ್ದು ಅದರ ಸದ್ದಿಗಲ್ಲ, ಆ ಸದ್ದು ಇದ್ದಕ್ಕಿದ್ದಂತೆ ನಿಂತುಹೋಗುವುದಕ್ಕೆ. ಏರುತ್ತ ಏರುತ್ತ ಹೋದ ಗೊರಕೆ ಒಮ್ಮೆಲೇ ಕತ್ತರಿಸಿದಂತೆ ನಿಲ್ಲುತ್ತದೆ. ಎದೆ, ಹೊಟ್ಟೆ ಎರಡೂ ಎಳೆದಾಡುತ್ತಿರುತ್ತವೆ, ಆದರೆ ಮೂಗಿನಲ್ಲಿ ಗಾಳಿ ಆಡುವುದಿಲ್ಲ. ಹತ್ತು ಸೆಕೆಂಡು, ಇಪ್ಪತ್ತು, ಕೆಲವೊಮ್ಮೆ ಅರ್ಧ ನಿಮಿಷ. ಆಮೇಲೆ ನೀರಿನಲ್ಲಿ ಮುಳುಗಿದವನು ಮೇಲೆ ಬಂದಂತೆ ದೊಡ್ಡದೊಂದು ಏದುಸಿರು, ಮೈ ಮುರಿದು ಹೊರಳಾಟ, ಮತ್ತೆ ಗೊರಕೆ. ಮಲಗಿದವನಿಗೆ ಇದೊಂದೂ ತಿಳಿಯುವುದಿಲ್ಲ. ಬೆಳಿಗ್ಗೆ ಕೇಳಿದರೆ ‘ಚೆನ್ನಾಗಿ ನಿದ್ದೆ ಬಂತು’ ಎಂದೇ ಹೇಳುತ್ತಾನೆ. ರೋಗಿಗೇ ಗೊತ್ತಿಲ್ಲದೆ ಪಕ್ಕದಲ್ಲಿ ಮಲಗಿದವರು ಕಂಡುಹಿಡಿಯುವ ಕಾಯಿಲೆ ಇದು. ವೈದ್ಯರ ಭಾಷೆಯಲ್ಲಿ ಇದರ ಹೆಸರು ಅಬ್‌ಸ್ಟ್ರಕ್ಟಿವ್ ಸ್ಲೀಪ್ ಆಪ್ನಿಯಾ. ನಿದ್ದೆಯಲ್ಲಿ ಗಂಟಲು ಮುಚ್ಚಿ ಉಸಿರು ಕಟ್ಟುವ ತೊಂದರೆ ಎಂದರೆ ಸಾಕು.

ಇದು ಅಪರೂಪದ ಕಾಯಿಲೆಯೇನಲ್ಲ. ಜಗತ್ತಿನಲ್ಲಿ 30ರಿಂದ 69 ವರ್ಷದೊಳಗಿನ ಸುಮಾರು 93 ಕೋಟಿ 60 ಲಕ್ಷ ಜನರಿಗೆ ಇದು ಹೆಚ್ಚು ಕಡಿಮೆ ಪ್ರಮಾಣದಲ್ಲಿ ಇದೆಯೆಂದು 2019ರಲ್ಲಿ ‘ಲ್ಯಾನ್ಸೆಟ್’ ಬಳಗದ ಪತ್ರಿಕೆಯೊಂದು ಅಂದಾಜು ಮಾಡಿತು. ಚಿತ್ರಸಂಗೀತದ ಬಪ್ಪಿ ಲಾಹಿರಿ 2022ರ ಫೆಬ್ರವರಿಯಲ್ಲಿ ಮುಂಬೈಯಲ್ಲಿ ತೀರಿಕೊಂಡಾಗ ಆಸ್ಪತ್ರೆ ಹೇಳಿದ ಕಾರಣಗಳಲ್ಲಿ ಈ ಹೆಸರೂ ಇತ್ತು. ಪತ್ರಿಕೆ ಓದುವ ಅನೇಕರು ಈ ಕಾಯಿಲೆಯ ಹೆಸರು ಕೇಳಿದ್ದು ಅಂದೇ ಮೊದಲು.

ಹನೂರು ತಾಲ್ಲೂಕಿನ ಈ ಊರಿನಲ್ಲಿ ಒಬ್ಬ ಗೃಹಸ್ಥರಿದ್ದಾರೆ ಎಂದು ಊಹಿಸಿಕೊಳ್ಳೋಣ. ಐವತ್ತರ ಆಸುಪಾಸು. ಗೂಡ್ಸ್ ಗಾಡಿ ಓಡಿಸಿ ಜೀವನ. ಅಂಗಿಯ ಕುತ್ತಿಗೆ ಗುಂಡಿ ಹಾಕಲಾಗದಷ್ಟು ದಪ್ಪ ಕತ್ತು, ಎರಡು ವರ್ಷದಿಂದ ಬಿ.ಪಿ. ಮಾತ್ರೆ. ರಾತ್ರಿ ಮೂರು ನಾಲ್ಕು ಸಲ ಮೂತ್ರಕ್ಕೆ ಏಳುತ್ತಾರೆ, ಸಕ್ಕರೆ ಕಾಯಿಲೆಯೇ ಎಂದು ಪರೀಕ್ಷೆ ಮಾಡಿಸಿದರೆ ಇಲ್ಲ. ಬೆಳಿಗ್ಗೆ ತಲೆಭಾರ. ಮಧ್ಯಾಹ್ನ ಮುದ್ದೆ ಉಂಡು ಕುಳಿತರೆ ಮಾತಿನ ನಡುವೆಯೇ ತೂಕಡಿಕೆ. ಒಂದು ದಿನ ತಾಳಬೆಟ್ಟದಿಂದ ಮಹದೇಶ್ವರ ಬೆಟ್ಟಕ್ಕೆ ಏರುವ ತಿರುವಿನಲ್ಲಿ ಸ್ಟೀರಿಂಗ್ ಹಿಡಿದಂತೆಯೇ ಕಣ್ಣು ಮುಚ್ಚಿಬಿಟ್ಟಿತು, ಪಕ್ಕದಲ್ಲಿದ್ದವನು ಕೂಗಿದ್ದರಿಂದ ಉಳಿದರು. ಅಂದು ರಾತ್ರಿ ಅವರ ಹೆಂಡತಿ ಮಗನನ್ನು ಕರೆದು ಹೇಳಿದರು: ‘ನಿಮ್ಮಪ್ಪುನ್ಗ ನಿದ್ದೇಲಿ ಉಸ್ರು ನಿಂತು ನಿಂತು ಬತ್ತದ ಕನಪ್ಪ. ನಾನು ಎದ್ದು ಕೂತ್ಕಂಡು ಎಣಿಸ್ತಿನಿ.’

ಆ ತಾಯಿಯ ಎಣಿಕೆಯೇ ಕಾಯಿಲೆಯ ಮೊದಲ ಪರೀಕ್ಷೆ. ವೈದ್ಯರ ಬಳಿ ಹೋಗುವಾಗ ಅವರನ್ನೂ ಜೊತೆಗೆ ಕರೆದುಕೊಂಡು ಹೋಗಬೇಕು. ಸಾಧ್ಯವಾದರೆ ಮೊಬೈಲಿನಲ್ಲಿ ಎರಡು ನಿಮಿಷದ ಗೊರಕೆಯನ್ನು ಚಿತ್ರಿಸಿಕೊಂಡು ಹೋದರೆ ಇನ್ನೂ ಒಳ್ಳೆಯದು.

ಸಕ್ಷನ್ ಪೈಪು, ಡೆಲಿವರಿ ಪೈಪು

ನಿದ್ದೆಯಲ್ಲಿ ಗಂಟಲು ಏಕೆ ಮುಚ್ಚಿಕೊಳ್ಳಬೇಕು? ಇದಕ್ಕೆ ಉತ್ತರ ಹೊಲದ ಪಂಪ್‌ಸೆಟ್ಟಿನಲ್ಲಿದೆ. ತೆರೆದ ಬಾವಿಗೋ ತೊಟ್ಟಿಗೋ ಮೋಟಾರು ಇಟ್ಟವರು ಗಮನಿಸಿರುತ್ತಾರೆ. ನೀರು ಹೀರುವ ಕಡೆಗೆ, ಅಂದರೆ ಸಕ್ಷನ್ನಿಗೆ, ಬಳೆಬಳೆಯಿರುವ ಗಟ್ಟಿ ಪೈಪನ್ನೇ ಹಾಕುತ್ತಾರೆ. ಅಲ್ಲಿ ಮೆತ್ತನೆಯ ಪೈಪು ಹಾಕಿದರೆ ಮೋಟಾರು ಎಳೆದ ಕೂಡಲೇ ಚಪ್ಪಟೆಯಾಗಿ ಅಂಟಿಕೊಂಡು ನೀರೇ ಬರುವುದಿಲ್ಲ. ನೀರು ಹೊರಬೀಳುವ ಡೆಲಿವರಿ ಕಡೆಗಾದರೋ ಸುರುಳಿ ಸುತ್ತಿಡುವ ಬಟ್ಟೆಯಂಥ ಪೈಪು ಸಾಕು. ಒಳಗಿನ ಒತ್ತಡವೇ ಅದನ್ನು ಉಬ್ಬಿಸಿ ತೆರೆದಿಡುತ್ತದೆ.

ನಮ್ಮ ಶ್ವಾಸನಾಳಕ್ಕೆ ಪ್ರಕೃತಿ ಮೃದ್ವಸ್ಥಿಯ ಬಳೆಗಳನ್ನು ತೊಡಿಸಿದೆ. ಆದರೆ ಮೂಗಿನ ಹಿಂಭಾಗದಿಂದ ಧ್ವನಿಪೆಟ್ಟಿಗೆಯವರೆಗಿನ ಗಂಟಲಿಗೆ ಅಂಥ ಬಳೆಯಿಲ್ಲ. ಅದು ಬರೀ ಸ್ನಾಯುಗಳ ಗೋಡೆ. ನುಂಗಲು, ಮಾತನಾಡಲು ಅದು ಹಾಗೆ ಮೆತ್ತಗೆ ಇರಲೇಬೇಕು. ಎಚ್ಚರದಲ್ಲಿ ಈ ಸ್ನಾಯುಗಳು ಬಿಗಿಯಾಗಿದ್ದು ದಾರಿ ತೆರೆದಿಡುತ್ತವೆ. ನಿದ್ದೆಯಲ್ಲಿ ಸಡಿಲಗೊಳ್ಳುತ್ತವೆ. ಕತ್ತಿನಲ್ಲಿ ಕೊಬ್ಬು ಹೆಚ್ಚಿದ್ದರೆ, ದವಡೆ ಚಿಕ್ಕದಾಗಿದ್ದರೆ, ನಾಲಿಗೆ ಹಿಂದಕ್ಕೆ ಜಾರಿದರೆ, ಮಲಗುವ ಮುಂಚೆ ಮದ್ಯ ಸೇವಿಸಿದ್ದರೆ ದಾರಿ ಇನ್ನಷ್ಟು ಕಿರಿದಾಗುತ್ತದೆ. ಕಿರಿದಾದ ದಾರಿಯಲ್ಲಿ ಗೋಡೆಗಳು ಅದುರಿದಾಗ ಗೊರಕೆ. ಉಸಿರು ಎಳೆದುಕೊಳ್ಳುವ ಸಕ್ಷನ್ನಿಗೆ ಗೋಡೆಗಳು ಪೂರ್ತಿ ಅಂಟಿಕೊಂಡರೆ ಆಪ್ನಿಯಾ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮಿದುಳು ಗಾಬರಿಯಾಗಿ ಗಂಟೆ ಬಾರಿಸುತ್ತದೆ, ಎಚ್ಚರವೂ ಅಲ್ಲದ ನಿದ್ದೆಯೂ ಅಲ್ಲದ ಒಂದು ಗಳಿಗೆಗೆ ಸ್ನಾಯು ಬಿಗಿದು ದಾರಿ ಬಿಡುತ್ತದೆ. ಪ್ರತಿ ಸಲವೂ ರಕ್ತದೊತ್ತಡ ಜಿಗಿಯುತ್ತದೆ, ಹೃದಯ ದೌಡಾಯಿಸುತ್ತದೆ. ಗಂಟೆಗೆ ಮೂವತ್ತು ಸಲ ಹೀಗಾದರೆ ಎಂಟು ಗಂಟೆಯ ರಾತ್ರಿಯಲ್ಲಿ 240 ಸಲ. ಇದನ್ನು ನಿದ್ದೆ ಎನ್ನಬಹುದೆ? ರಾತ್ರಿ ಮತ್ತೆ ಮತ್ತೆ ಮೂತ್ರಕ್ಕೆ ಏಳುವುದೂ ಈ ಎಳೆದಾಟದ ಫಲವೇ. ಎದೆಯೊಳಗಿನ ಒತ್ತಡದ ಏರುಪೇರಿನಿಂದ ಹಿಗ್ಗಿದ ಹೃದಯದ ಕೋಣೆ, ಮೈಯಲ್ಲಿ ನೀರು ಹೆಚ್ಚಾಗಿದೆಯೆಂದು ಭ್ರಮಿಸಿ ಅದನ್ನು ಹೊರಹಾಕುವ ಹಾರ್ಮೋನನ್ನು ಬಿಡುತ್ತದೆ.

ಹಾಗಾದರೆ ಮದ್ದು? ಸಕ್ಷನ್ ಪೈಪನ್ನು ಡೆಲಿವರಿ ಪೈಪಾಗಿ ಮಾರ್ಪಡಿಸುವುದು. ಗಂಟಲೊಳಗೆ ಸದಾ ಒಂದಿಷ್ಟು ಹೆಚ್ಚಿನ ಒತ್ತಡದ ಗಾಳಿ ಇರುವಂತೆ ಮಾಡಿದರೆ ಗೋಡೆಗಳು ಅಂಟಲಾರವು. ಸಿಪ್ಯಾಪ್ ಎಂಬ ಯಂತ್ರ ಮಾಡುವುದು ಇಷ್ಟೇ. ಕಂಟಿನ್ಯುಯಸ್ ಪಾಸಿಟಿವ್ ಏರ್‌ವೇ ಪ್ರೆಷರ್ ಎಂಬ ಉದ್ದ ಹೆಸರಿನ ಮೊದಲಕ್ಷರಗಳು ಸೇರಿ ಆದ ಪದ ಅದು. ಟಿಫನ್ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ, ಒಳಗೊಂದು ಪುಟ್ಟ ಫ್ಯಾನು, ಒಂದು ಪೈಪು, ಮೂಗಿಗೆ ಮಾಸ್ಕು.

ಒತ್ತಡವೆಂದರೆ ಎಷ್ಟು? ಈ ಯಂತ್ರಗಳು ಸಾಮಾನ್ಯವಾಗಿ 4ರಿಂದ 20 ಸೆಂಟಿಮೀಟರ್ ನೀರಿನ ಒತ್ತಡದವರೆಗೆ ಕೆಲಸ ಮಾಡುತ್ತವೆ. ಚೊಂಬಿನ ನೀರಿನಲ್ಲಿ ಎಳನೀರಿನ ಕೊಳವೆಯೊಂದನ್ನು 10 ಸೆಂ.ಮೀ. ಆಳಕ್ಕೆ ಅದ್ದಿ ಊದಿ ನೋಡಿ. ತುದಿಯಲ್ಲಿ ಗುಳ್ಳೆ ಹೊರಡಲು ಬೇಕಾದ ಒತ್ತಡವೇ 10 ಸೆಂ.ಮೀ. ಸಮುದ್ರಮಟ್ಟದಲ್ಲಿ ವಾಯುಭಾರ ಸುಮಾರು 1033 ಸೆಂ.ಮೀ. ನೀರಿನಷ್ಟು. ಅದಕ್ಕೆ ನೂರರಲ್ಲಿ ಒಂದು ಪಾಲು ಸೇರಿಸಿದಂತಾಯಿತು. ಪುಪ್ಪುಸ ಒಡೆದೀತೆಂಬ ಭಯಕ್ಕೆ ಅರ್ಥವಿಲ್ಲ. ಆದರೆ ಚೊಂಬಿನಲ್ಲಿ ಒಮ್ಮೆ ಊದುವುದು ಸುಲಭ, ರಾತ್ರಿಯಿಡೀ ಅಷ್ಟು ಒತ್ತಡದ ಎದುರು ಉಸಿರು ಬಿಡುವುದು ಮೊದಮೊದಲು ವಿಚಿತ್ರವೆನಿಸುತ್ತದೆ ಎಂಬುದೂ ನಿಜ.

ಧೂಳು ಹೀರುವ ಯಂತ್ರದಿಂದ

1836-37ರಲ್ಲಿ ಪ್ರಕಟವಾದ ಚಾರ್ಲ್ಸ್ ಡಿಕನ್ಸನ ‘ಪಿಕ್‌ವಿಕ್ ಪೇಪರ್ಸ್’ನಲ್ಲಿ ಜೋ ಎಂಬ ದಢೂತಿ ಹುಡುಗ ನಿಂತಲ್ಲೇ ನಿದ್ದೆ ಹೋಗುತ್ತಾನೆ. 1956ರಲ್ಲಿ ಅಮೆರಿಕದ ವೈದ್ಯರು ಅಂಥ ರೋಗಿಗಳ ಲಕ್ಷಣಗಳಿಗೆ ಆ ಕಾದಂಬರಿಯ ಹೆಸರನ್ನೇ ಇಟ್ಟರು. ನಿದ್ದೆಯಲ್ಲಿ ಗಂಟಲು ಮುಚ್ಚಿಕೊಳ್ಳುತ್ತದೆ ಎಂಬ ಸಂಗತಿಯನ್ನು ಫ್ರಾನ್ಸ್ ಮತ್ತು ಜರ್ಮನಿಯ ಸಂಶೋಧಕರು ದಾಖಲಿಸಿದ್ದು 1965ರಲ್ಲಿ. ಆಗ ತೋಚಿದ ಪರಿಹಾರ ಘೋರವಾದದ್ದು: ಕತ್ತಿನ ಮುಂಭಾಗದಲ್ಲಿ ಶ್ವಾಸನಾಳಕ್ಕೆ ರಂಧ್ರ ಮಾಡಿ ಅಲ್ಲಿಂದಲೇ ಉಸಿರಾಡಿಸುವುದು.

1980ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಅಂಥ ಶಸ್ತ್ರಚಿಕಿತ್ಸೆಗೆ ಕಾದಿದ್ದ ರೋಗಿಯೊಬ್ಬ ಬೇರೆ ಪ್ರಯೋಗಕ್ಕೆ ಒಪ್ಪಿಕೊಂಡ. ಕಾಲಿನ್ ಸಲ್ಲಿವನ್ ಎಂಬ ವೈದ್ಯರು ಧೂಳು ಹೀರುವ ವ್ಯಾಕ್ಯೂಮ್ ಕ್ಲೀನರಿನ ಮೋಟಾರನ್ನು ತಿರುಗಾಮುರುಗಾ ಬಳಸಿ, ಹೀರುವ ಬದಲು ಊದುವಂತೆ ಮಾಡಿ, ರೋಗಿಯ ಮೂಗಿಗೆ ಜೋಡಿಸಿದರು. ಮಾಸ್ಕನ್ನು ಮುಖಕ್ಕೆ ಅಂಟಿನಿಂದಲೇ ಅಂಟಿಸಬೇಕಾಗಿತ್ತು. ಒತ್ತಡ ಏರಿಸಿದರೆ ಉಸಿರು ಸರಾಗ, ಇಳಿಸಿದರೆ ಮತ್ತೆ ಕಟ್ಟುತ್ತಿತ್ತು. ನಲ್ಲಿ ತಿರುಗಿಸಿದಂತೆ ಕಾಯಿಲೆಯನ್ನು ಬರಿಸಬಹುದು, ನಿಲ್ಲಿಸಬಹುದು ಎಂದಾಯಿತು. ಐವರು ರೋಗಿಗಳ ಈ ಫಲಿತಾಂಶ 1981ರ ಏಪ್ರಿಲ್‌ನಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾಯಿತು. ಬಳಸಿದ ಒತ್ತಡ 4.5ರಿಂದ 10 ಸೆಂ.ಮೀ. ನೀರಿನಷ್ಟು. ಇಂದು ಬರುವ ಯಂತ್ರದ ಸದ್ದು ಪಿಸುಮಾತಿನಷ್ಟು. ತತ್ವ ಮಾತ್ರ ಅದೇ.

ಪರೀಕ್ಷೆಯ ರಾತ್ರಿ

ಯಂತ್ರ ಕೊಳ್ಳುವ ಮುನ್ನ ಪರೀಕ್ಷೆ ಆಗಲೇಬೇಕು. ಗೊರಕೆ ಹೊಡೆಯುವವರಿಗೆಲ್ಲ ಆಪ್ನಿಯಾ ಇರುವುದಿಲ್ಲ. ಪಾಲಿಸೋಮ್ನೋಗ್ರಫಿ ಎಂಬ ಈ ಪರೀಕ್ಷೆಗೆ ಒಂದು ರಾತ್ರಿ ಆಸ್ಪತ್ರೆಯಲ್ಲಿ ಮಲಗಬೇಕು. ತಲೆಗೆ, ಕಣ್ಣಿನ ಪಕ್ಕ, ಗದ್ದಕ್ಕೆ ತಂತಿಗಳು, ಎದೆ ಹೊಟ್ಟೆಗೆ ಪಟ್ಟಿ, ಮೂಗಿನ ಬಳಿ ಗಾಳಿಯ ಹರಿವು ಅಳೆಯುವ ಕೊಳವೆ, ಬೆರಳಿಗೆ ಆಮ್ಲಜನಕದ ಕ್ಲಿಪ್ಪು. ಇಷ್ಟೆಲ್ಲ ಕಟ್ಟಿಕೊಂಡು ನಿದ್ದೆ ಬಂದೀತೆ ಎಂದು ಕೇಳುವವರೇ ಹೆಚ್ಚು. ಆಪ್ನಿಯಾ ಇರುವವರಿಗೆ ಆ ಚಿಂತೆ ಬೇಡ, ಅವರು ಹೇಗೂ ನಿದ್ದೆಗೆ ಬಾಕಿ ಇಟ್ಟುಕೊಂಡವರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನಿದ್ರೆಯ ಅಧ್ಯಯನಕ್ಕೆಂದೇ ಪ್ರಯೋಗಾಲಯವಿದೆ. ಮೈಸೂರಿನ ಬೋಧನಾ ಆಸ್ಪತ್ರೆಯಲ್ಲೂ ಈ ಸೌಲಭ್ಯ ಬಂದಿದೆ. ಕಡಿಮೆ ತಂತಿಗಳ ಪುಟ್ಟ ಉಪಕರಣವನ್ನು ಮನೆಗೇ ಕೊಟ್ಟು ಕಳಿಸುವ ಪದ್ಧತಿಯೂ ಉಂಟು. ಅಜ್ಜೀಪುರದವರಿಗೆ ಇದೊಂದು ದೊಡ್ಡ ಅನುಕೂಲ.

ವರದಿಯಲ್ಲಿ ನೋಡಬೇಕಾದ ಅಂಕಿ ಒಂದೇ, ಎ.ಎಚ್.ಐ. ಗಂಟೆಗೆ ಎಷ್ಟು ಸಲ ಉಸಿರು ನಿಂತಿತು ಅಥವಾ ತೀರ ಕಡಿಮೆಯಾಯಿತು ಎಂಬ ಲೆಕ್ಕ. ಐದರೊಳಗಿದ್ದರೆ ಚಿಂತೆಯಿಲ್ಲ. ಹದಿನೈದರವರೆಗೆ ಸೌಮ್ಯ, ಮೂವತ್ತರವರೆಗೆ ಮಧ್ಯಮ, ಅದರ ಮೇಲೆ ತೀವ್ರ. ಎಷ್ಟು ಒತ್ತಡ ಸಾಕೆಂಬುದನ್ನು ಎರಡನೆಯ ರಾತ್ರಿ ಯಂತ್ರ ಹಾಕಿಯೇ ಹುಡುಕಬಹುದು. ಇಲ್ಲವೇ ಒತ್ತಡವನ್ನು ತಾನೇ ಹೊಂದಿಸಿಕೊಳ್ಳುವ ಯಂತ್ರ ಬಳಸಬಹುದು.

ಮಕ್ಕಳ ಗೊರಕೆಗೆ ಅನೇಕ ವೇಳೆ ಟಾನ್ಸಿಲ್ ಮತ್ತು ಅಡಿನಾಯ್ಡ್ ಕಾರಣ, ಅಲ್ಲಿ ದಾರಿ ಬೇರೆ. ದೊಡ್ಡವರಲ್ಲಿಯೂ ತೂಕ ಇಳಿಸುವುದು, ಮಗ್ಗುಲಾಗಿ ಮಲಗುವುದು, ರಾತ್ರಿಯ ಮದ್ಯ ಬಿಡುವುದು ಇವೆಲ್ಲ ಚಿಕಿತ್ಸೆಯ ಭಾಗವೇ. ಸ್ಥೂಲಕಾಯದವರ ಆಪ್ನಿಯಾಕ್ಕೆ ಟಿರ್ಜೆಪಟೈಡ್ ಎಂಬ ಚುಚ್ಚುಮದ್ದನ್ನು ಅಮೆರಿಕದ ಔಷಧ ನಿಯಂತ್ರಕರು 2024ರ ಡಿಸೆಂಬರ್‌ನಲ್ಲಿ ಒಪ್ಪಿದ್ದಾರೆ. ಆದರೆ ಮಧ್ಯಮ ಅಥವಾ ತೀವ್ರ ಕಾಯಿಲೆಗೆ ಇಂದಿಗೂ ಮೊದಲ ಸಾಲಿನಲ್ಲಿರುವುದು ಗಾಳಿಯ ಯಂತ್ರವೇ.

‘ಆಕ್ಸಿಜನ್ ಹಾಕವ್ರ?’

ಯಂತ್ರ ಮನೆಗೆ ಬಂತು ಎಂದುಕೊಳ್ಳೋಣ. ಮೊದಲ ಅಡ್ಡಿ ಬರುವುದು ಗಂಟಲಿನಿಂದಲ್ಲ, ಬೀದಿಯಿಂದ. ಕಿಟಕಿಯಿಂದ ಇಣುಕಿದ ನೆರೆಯವರಿಗೆ ಕಾಣುವುದು ಮುಖಕ್ಕೆ ಮಾಸ್ಕು, ಅದಕ್ಕೊಂದು ಪೈಪು. ಮರುದಿನ ಬೆಳಿಗ್ಗೆ ಹಾಲಿನ ಡೇರಿಯಲ್ಲಿ ಪಿಸುಮಾತು: ‘ಆಕ್ಸಿಜನ್ ಹಾಕವ್ರಂತ.’

ಬೇರೆ ಜಿಲ್ಲೆಯಲ್ಲಿ ಈ ಮಾತಿಗೆ ನಕ್ಕುಬಿಡಬಹುದು. ಚಾಮರಾಜನಗರ ಜಿಲ್ಲೆಯಲ್ಲಿ ಹಾಗಲ್ಲ. 2021ರ ಮೇ 2ರ ರಾತ್ರಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ, ಒಂದು ದಿನದ ಅವಧಿಯಲ್ಲಿ 24 ರೋಗಿಗಳು ತೀರಿಕೊಂಡರು. ಆ ರಾತ್ರಿಯನ್ನು ಈ ಭಾಗದ ಮನೆಗಳು ಮರೆತಿಲ್ಲ. ಮುಖಕ್ಕೆ ಮಾಸ್ಕು ಬಂದರೆ ಮುಗಿಯಿತು ಎಂಬ ಭಾವ ಆಗ ಮನಸ್ಸಿಗೆ ಹೊಕ್ಕದ್ದು ಇನ್ನೂ ಹೊರಟಿಲ್ಲ. ಆದ್ದರಿಂದಲೇ ಈ ಮನೆಯಲ್ಲಿ ವಯಸ್ಸಾದ ತಾಯಿ ಕಣ್ಣೀರು ಹಾಕಿದರೆ, ಯಂತ್ರ ಹಾಕಿಕೊಂಡವರೇ ನಾಚಿಕೊಂಡು ಎರಡನೆಯ ದಿನ ಅಟ್ಟಕ್ಕೆ ಎತ್ತಿಟ್ಟರೆ ಅದನ್ನು ಅಜ್ಞಾನವೆಂದು ತಳ್ಳಿಹಾಕುವುದು ಸರಿಯಲ್ಲ. ಕೂರಿಸಿ ವಿವರಿಸಬೇಕು. ಸಿಪ್ಯಾಪ್‌ನಲ್ಲಿ ಸಿಲಿಂಡರಿಲ್ಲ. ಅದು ಊದುವುದು ಆ ಕೋಣೆಯಲ್ಲೇ ಇರುವ, ಮನೆಯವರೆಲ್ಲ ಉಸಿರಾಡುವ ಅದೇ ಗಾಳಿಯನ್ನು. ಅದರಲ್ಲಿ ಆಮ್ಲಜನಕ ನೂರಕ್ಕೆ 21 ಪಾಲು, ಒಂದು ಚೂರೂ ಹೆಚ್ಚಿಲ್ಲ. ಈ ರೋಗಿಯ ಪುಪ್ಪುಸ ಗಟ್ಟಿಯಾಗಿದೆ, ಬಾಗಿಲು ಮಾತ್ರ ಮುಚ್ಚಿಕೊಳ್ಳುತ್ತಿದೆ. ಯಂತ್ರ ಬಾಗಿಲಿಗೆ ಕೊಟ್ಟ ಒತ್ತುಗಲ್ಲು. ಆ ತಾಯಿಯ ಮೂಗಿಗೇ ಎರಡು ನಿಮಿಷ ಮಾಸ್ಕನ್ನು ಹಿಡಿದು ತೋರಿಸಿದರೆ ಅರ್ಧ ಭಯ ಹೋಗುತ್ತದೆ.

‘ಕರೆಂಟು ಹೋದರೆ ಉಸಿರು ಕಟ್ಟಿ ಸತ್ತರೆ?’ ಇದು ಎರಡನೆಯ ಪ್ರಶ್ನೆ. ನ್ಯಾಯವಾದದ್ದೇ. ಮೂಗು ಬಾಯಿ ಎರಡನ್ನೂ ಮುಚ್ಚುವ ಮಾಸ್ಕಿನಲ್ಲಿ ಒಂದು ಕವಾಟವಿರುತ್ತದೆ. ಗಾಳಿಯ ಒತ್ತಡ ನಿಂತ ಕೂಡಲೇ ಅದು ತಾನಾಗಿ ಹೊರಗಿನ ಗಾಳಿಗೆ ತೆರೆದುಕೊಳ್ಳುತ್ತದೆ. ಮೂಗಿನ ಮಾಸ್ಕಾದರೆ ಬಾಯಿ ಖಾಲಿಯೇ ಇದೆ. ಸೆಕೆ ತಡೆಯದೆ ಎಚ್ಚರವಾಗುತ್ತದೆ, ಮಾಸ್ಕು ತೆಗೆದಿಟ್ಟರಾಯಿತು. ಆ ರಾತ್ರಿ ಮಗ್ಗುಲಾಗಿ ಮಲಗಬೇಕು. ಯಂತ್ರ ಕೇಳುವ ವಿದ್ಯುತ್ತೂ ಹೆಚ್ಚಲ್ಲ. ನೀರು ಬಿಸಿ ಮಾಡುವ ಭಾಗವನ್ನು ಆರಿಸಿಟ್ಟರೆ ಸುಮಾರು 30 ವ್ಯಾಟ್, ಎಂಟು ಗಂಟೆಗೆ 240 ವ್ಯಾಟ್-ಗಂಟೆ, ಅಂದರೆ ಕಾಲು ಯೂನಿಟ್ಟಿಗೂ ಕಡಿಮೆ. ಮನೆಗೆ ಹಾಕಿಸುವ ಸಾಮಾನ್ಯ ಇನ್ವರ್ಟರಿನ ಬ್ಯಾಟರಿ ಚೆನ್ನಾಗಿದ್ದರೆ ಒಂದು ರಾತ್ರಿ ದಾಟುತ್ತದೆ. ಬಿಸಿ ಭಾಗ ಹಾಕಿದರೆ ಖರ್ಚು ದುಪ್ಪಟ್ಟೋ ಅದಕ್ಕಿಂತ ಹೆಚ್ಚೋ ಆಗಬಹುದು.

ಮೊದಲ ಹದಿನೈದು ದಿನ

ಈ ಚಿಕಿತ್ಸೆ ಗೆಲ್ಲುವುದೂ ಸೋಲುವುದೂ ಬಹುಮಟ್ಟಿಗೆ ಮೊದಲ ಹದಿನೈದು ಇಪ್ಪತ್ತು ದಿನಗಳಲ್ಲಿ. ಹತ್ತಾರು ಸಾವಿರ ರೂಪಾಯಿ ಕೊಟ್ಟು ತಂದ ಯಂತ್ರ ಮೂಲೆ ಸೇರುವುದು ಯಂತ್ರದ ದೋಷದಿಂದ ಅಪರೂಪ, ಮಾಸ್ಕಿನ ಕಿರಿಕಿರಿಯಿಂದಲೇ ಹೆಚ್ಚು. ಆದ್ದರಿಂದ ಯಂತ್ರದ ಬ್ರಾಂಡಿಗೆ ತಲೆ ಕೆಡಿಸಿಕೊಳ್ಳುವ ಅರ್ಧದಷ್ಟಾದರೂ ಮಾಸ್ಕಿಗೆ ಕೆಡಿಸಿಕೊಳ್ಳಬೇಕು. ಮೂಗನ್ನಷ್ಟೇ ಮುಚ್ಚುವುದು, ಮೂಗಿನ ಹೊಳ್ಳೆಗೆ ಒತ್ತಿ ಕೂರುವ ಚಿಕ್ಕದು, ಮೂಗು ಬಾಯಿ ಎರಡನ್ನೂ ಮುಚ್ಚುವುದು ಎಂದು ಮೂರು ಬಗೆ. ದಪ್ಪ ಮೀಸೆಯವರಿಗೆ ಒಂದು ಹೊಂದಿದರೆ ಇನ್ನೊಂದು ಸೋರುತ್ತದೆ. ಅಂಗಡಿಯಲ್ಲಿ ಕುಳಿತು ನೋಡಿದರೆ ಸಾಲದು, ಮಲಗಿ ಯಂತ್ರ ಚಾಲೂ ಮಾಡಿ ನೋಡಬೇಕು. ಮಲಗಿದಾಗ ಮುಖದ ಮಾಂಸ ಜರುಗುತ್ತದೆ. ಬಾಡಿಗೆಗೆ ತಂದು ಕೆಲವು ವಾರ ನೋಡುವ ಅವಕಾಶವಿದ್ದರೆ ಬಿಡಬಾರದು.

ಮೊದಲ ದಿನವೇ ರಾತ್ರಿಗೆ ಕಟ್ಟಿಕೊಂಡು ಮಲಗುವ ಸಾಹಸ ಬೇಡ. ಹಗಲಿನಲ್ಲಿ ಟಿ.ವಿ. ನೋಡುತ್ತ ಕೂತು, ಪಟ್ಟಿ ಬಿಗಿಯದೆ ಮಾಸ್ಕನ್ನು ಕೈಯಲ್ಲೇ ಮೂಗಿಗೆ ಹಿಡಿದು, ಗಾಳಿ ಬಿಟ್ಟು ಐದು ನಿಮಿಷ ಉಸಿರಾಡಬೇಕು. ಬೇಡವೆನಿಸಿದರೆ ತೆಗೆಯಬಹುದು ಎಂಬ ಧೈರ್ಯ ಕೈಯಲ್ಲೇ ಇರುತ್ತದೆ. ಆಮೇಲೆ ಪಟ್ಟಿ ಹಾಕಿ ಅರ್ಧ ಗಂಟೆ. ಆಮೇಲೆ ಮಧ್ಯಾಹ್ನದ ಸಣ್ಣ ನಿದ್ದೆಗೆ. ಎರಡು ಮೂರು ದಿನ ಹೀಗೆ ಪಳಗಿಸಿದರೆ ಉಸಿರು ಕಟ್ಟಿದಂತಾಗುವ ಗಾಬರಿ ಬಹುಪಾಲು ಇಳಿಯುತ್ತದೆ. ಯಂತ್ರದಲ್ಲಿ ರ‍್ಯಾಂಪ್ ಎಂಬ ಸೌಲಭ್ಯವಿರುತ್ತದೆ. ಕಡಿಮೆ ಒತ್ತಡದಲ್ಲಿ ಶುರುವಾಗಿ ನಿದ್ದೆ ಹತ್ತುವ ಹೊತ್ತಿಗೆ ನಿಧಾನ ಏರುತ್ತದೆ. ಅದನ್ನು ಕೇಳಿ ಹಾಕಿಸಿಕೊಳ್ಳಬೇಕು.

ಗಾಳಿ ಕಣ್ಣಿಗೆ ಹೊಡೆಯುತ್ತದೆಯೆ? ಎಲ್ಲರೂ ಮಾಡುವ ತಪ್ಪು ಪಟ್ಟಿಯನ್ನು ಬಿಗಿ ಮಾಡುವುದು. ಬಿಗಿದಷ್ಟೂ ಮಾಸ್ಕಿನ ಮೆತ್ತೆ ಚಪ್ಪಟೆಯಾಗಿ ಹೆಚ್ಚು ಸೋರುತ್ತದೆ, ಬೆಳಿಗ್ಗೆ ಮೂಗಿನ ಮೇಲೆ ಗಾಯ ಬೇರೆ. ಸಡಿಲಿಸಿ, ಮಾಸ್ಕನ್ನು ಒಮ್ಮೆ ಮುಖದಿಂದ ಎತ್ತಿ ಮತ್ತೆ ಕೂರಿಸಬೇಕು. ಬಾಯಿ ಒಣಗಿದರೆ ಬಾಯಿ ತೆರೆದುಕೊಳ್ಳುತ್ತಿದೆ ಎಂದರ್ಥ, ಮಾಸ್ಕಿನ ಬಗೆ ಬದಲಿಸುವ ಯೋಚನೆ ಮಾಡಬಹುದು. ಮೂಗು ಕಟ್ಟುವವರು ಮೊದಲು ಮೂಗಿಗೆ ಔಷಧಿ ಮಾಡಿಸಿಕೊಳ್ಳಬೇಕು. ಹೊಟ್ಟೆ ಉಬ್ಬರ, ತೇಗು ಬಂದರೆ ಗಾಳಿ ನುಂಗುತ್ತಿದ್ದಾರೆ, ವೈದ್ಯರಿಗೆ ಹೇಳಿದರೆ ಒತ್ತಡ ಸರಿಪಡಿಸುತ್ತಾರೆ. ತಾವಾಗಿಯೇ ಒತ್ತಡದ ಅಂಕಿ ತಿರುಗಿಸುವುದು ಬೇಡ.

ಒಂದು ಎಚ್ಚರಿಕೆಯನ್ನು ಮಾತ್ರ ಮನೆಮಂದಿಗೆಲ್ಲ ಹೇಳಿರಬೇಕು. ಮಾಸ್ಕಿನ ಮುಂಭಾಗದಲ್ಲಿ ಸಣ್ಣ ರಂಧ್ರಗಳಿದ್ದು ಅಲ್ಲಿಂದ ಸದಾ ಗಾಳಿ ‘ಸುಯ್’ ಎಂದು ಹೊರಬೀಳುತ್ತದೆ. ಬಿಟ್ಟ ಉಸಿರಿನ ಇಂಗಾಲದ ಡೈ ಆಕ್ಸೈಡ್ ಹೊರಹೋಗುವ ದಾರಿಯೇ ಅದು. ‘ತೂತಾಗಿದೆ’ ಎಂದು ಯಾರಾದರೂ ಮುತುವರ್ಜಿಯಿಂದ ಅದಕ್ಕೆ ಹತ್ತಿಯೋ ಪ್ಲಾಸ್ಟರೋ ಅಂಟಿಸಿಬಿಟ್ಟರೆ ಅಪಾಯ.

ಯಂತ್ರದ ನೀರಿನ ತೊಟ್ಟಿಗೆ ಹಾಕುವ ನೀರಿನ ವಿಷಯಕ್ಕೂ ಇಲ್ಲಿ ಸ್ವಲ್ಪ ಜಾಗ ಬೇಕು. ಗಾಳಿಗೆ ತೇವ ಕೊಡಲು ಆ ತೊಟ್ಟಿ. ಬೋರ್‌ವೆಲ್ಲಿನ ಗಡಸು ನೀರು ಹಾಕಿದರೆ, ಕಾಫಿ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪದರವೇ ಇಲ್ಲೂ ಕಟ್ಟುತ್ತದೆ. ಕುದಿಸಿ ಹಾಕಿದರೆ ಕ್ರಿಮಿ ಸತ್ತಾವು, ಎಲ್ಲ ಲವಣಗಳೂ ಹೋಗುವುದಿಲ್ಲ. ಬಟ್ಟಿ ಇಳಿಸಿದ ನೀರೇ ಆಗಬೇಕು, ಔಷಧಿ ಅಂಗಡಿಯಲ್ಲಿ ಕೇಳಬೇಕು. ಸಿಗದ ದಿನ ತೊಟ್ಟಿ ಖಾಲಿಯಿಟ್ಟು, ಬಿಸಿ ಭಾಗವನ್ನು ಆರಿಸಿ ನಡೆಸಬಹುದು. ಬೆಳಿಗ್ಗೆ ಉಳಿದ ನೀರನ್ನು ಚೆಲ್ಲಬೇಕು. ಯಂತ್ರವನ್ನು ತಲೆಗಿಂತ ಎತ್ತರದ ಗೂಡಿನಲ್ಲಿ ಇಡಬಾರದು, ಪೈಪಿನಲ್ಲಿ ಕೂಡಿದ ನೀರು ಮೂಗಿಗೆ ಇಳಿಯುತ್ತದೆ. ಮಂಚವಿದ್ದರೆ ಕೆಳಗೆ ಪುಟ್ಟ ಸ್ಟೂಲು. ಚಾಪೆಯ ಮೇಲೆ ಮಲಗುವವರು ಪಕ್ಕದ ನೆಲದಲ್ಲೇ ಮಣೆಯ ಮೇಲೆ ಇಡಬಹುದು. ಮಾಸ್ಕಿನ ಮೆತ್ತೆಯನ್ನು ದಿನವೂ ಸೌಮ್ಯ ಸೋಪಿನಲ್ಲಿ, ಪೈಪನ್ನು ವಾರಕ್ಕೊಮ್ಮೆ ತೊಳೆದು ನೆರಳಿನಲ್ಲಿ ಒಣಗಿಸಬೇಕು. ಹಗಲಿನಲ್ಲಿ ಪೈಪಿನ ಬಾಯಿಗೆ ಬಟ್ಟೆ ಕಟ್ಟಿದರೆ ಇರುವೆ, ಜಿರಲೆ ಒಳಗೆ ಸೇರುವುದಿಲ್ಲ. ರಸ್ತೆಯ ಧೂಳು ಬೀಳುವ ಮನೆಯಾದರೆ ಗಾಳಿ ಸೋಸುವ ಫಿಲ್ಟರನ್ನು ಆಗಾಗ ನೋಡಿ ಬದಲಿಸಬೇಕು.

ಹಳೆಯ ಯಂತ್ರ ಅಗ್ಗಕ್ಕೆ ಸಿಗುತ್ತದೆಂದು ಕೊಳ್ಳುವವರು ಎರಡು ಸಂಗತಿ ನೆನಪಿಡಬೇಕು. ಒಂದು, 2021ರ ಜೂನ್‌ನಲ್ಲಿ ಫಿಲಿಪ್ಸ್ ಕಂಪನಿ, ಸದ್ದು ತಗ್ಗಿಸಲು ಒಳಗಿಟ್ಟ ಫೋಮ್ ಪುಡಿಯಾಗಿ ಉಸಿರಿಗೆ ಸೇರಬಹುದೆಂಬ ಕಾರಣಕ್ಕೆ ಜಗತ್ತಿನಾದ್ಯಂತ ಲಕ್ಷಗಟ್ಟಲೆ ಯಂತ್ರಗಳನ್ನು ಹಿಂದಕ್ಕೆ ಕರೆಯಿತು. ಎರಡು, ಕೋವಿಡ್ ಕಾಲದಲ್ಲಿ ಮನೆ ಸೇರಿದ ಆಕ್ಸಿಜನ್ ಕಾನ್ಸಂಟ್ರೇಟರ್ ಬೇರೆ, ಸಿಪ್ಯಾಪ್ ಬೇರೆ. ಮುಚ್ಚಿದ ಗಂಟಲನ್ನು ಕಾನ್ಸಂಟ್ರೇಟರ್ ತೆರೆಯಲಾರದು.

ಎಷ್ಟು ಗಂಟೆ?

ಯಂತ್ರ ಹಾಕಿದ ಮಾತ್ರಕ್ಕೆ ಹೃದಯಾಘಾತ ತಪ್ಪುತ್ತದೆ ಎಂದು ಮಾರುವವರು ಹೇಳಿದರೆ ಪೂರ್ತಿ ನಂಬಬೇಕಾಗಿಲ್ಲ. ಈಗಾಗಲೇ ಹೃದಯ ಅಥವಾ ಮಿದುಳಿನ ರಕ್ತನಾಳದ ಕಾಯಿಲೆಯಿದ್ದ 2,717 ಆಪ್ನಿಯಾ ರೋಗಿಗಳ ಮೇಲೆ ಭಾರತವೂ ಸೇರಿ ಏಳು ದೇಶಗಳಲ್ಲಿ ನಡೆದ ‘ಸೇವ್’ ಅಧ್ಯಯನದ ಫಲಿತಾಂಶ 2016ರಲ್ಲಿ ಬಂತು. ಹೃದಯಾಘಾತ, ಲಕ್ವ ಮುಂತಾದವು ಸಿಪ್ಯಾಪ್‌ನಿಂದ ಕಡಿಮೆಯಾಗಲಿಲ್ಲ. ಗೊರಕೆ, ಹಗಲಿನ ತೂಕಡಿಕೆ ಕಡಿಮೆಯಾದವು, ಮನಸ್ಸಿನ ಸ್ಥಿತಿ ಸುಧಾರಿಸಿತು. ಆದರೆ ಆ ರೋಗಿಗಳು ಯಂತ್ರ ಬಳಸಿದ್ದು ರಾತ್ರಿಗೆ ಸರಾಸರಿ 3.3 ಗಂಟೆ ಮಾತ್ರ. ಅರ್ಧ ರಾತ್ರಿಗೆ ಕೊಡೆ ಮಡಚಿದವರು ನೆನೆದದ್ದಕ್ಕೆ ಕೊಡೆಯನ್ನು ದೂರಬಹುದೆ ಎಂಬ ವಾದ ತಜ್ಞರಲ್ಲಿ ಇನ್ನೂ ನಡೆದಿದೆ. ಅಮೆರಿಕದ ಸರ್ಕಾರಿ ವಿಮೆಯಂತೂ ಮೊದಲ ಮೂರು ತಿಂಗಳೊಳಗೆ ಸತತ 30 ದಿನಗಳಲ್ಲಿ ನೂರಕ್ಕೆ 70 ರಾತ್ರಿಗಳು ಕನಿಷ್ಠ ನಾಲ್ಕು ಗಂಟೆ ಬಳಸಿದ್ದರೆ ಮಾತ್ರ ಮುಂದಕ್ಕೆ ಹಣ ಕೊಡುತ್ತದೆ. ಅದು ಕಡೆಯ ಮಿತಿ, ಗುರಿಯಲ್ಲ. ನಸುಕಿನ ನಿದ್ದೆಯಲ್ಲಿ, ಕನಸು ಬೀಳುವ ಹೊತ್ತಿನಲ್ಲಿ, ಸ್ನಾಯುಗಳು ಅತ್ಯಂತ ಸಡಿಲವಾಗಿರುತ್ತವೆ. ಮಧ್ಯರಾತ್ರಿ ಮೂತ್ರಕ್ಕೆ ಎದ್ದು ಬಂದು ಮಾಸ್ಕು ಹಾಕದೆ ಮಲಗಿದರೆ ಆ ಕೆಟ್ಟ ಗಳಿಗೆಗಳೇ ಹೊರಗುಳಿಯುತ್ತವೆ. ನಿದ್ದೆಗಣ್ಣಿನಲ್ಲಿ ಕಿತ್ತೊಗೆದಿದ್ದರೆ ಎಚ್ಚರವಾದಾಗ ಮತ್ತೆ ಹಾಕಿಕೊಳ್ಳಬೇಕು, ಪಕ್ಕದವರು ನೋಡಿದರೆ ಎಬ್ಬಿಸಿ ಹಾಕಿಸಬೇಕು. ಬಸ್ಸು ಹತ್ತಿ ನೆಂಟರ ಮನೆಗೆ ಹೋದರೂ ಯಂತ್ರ ಜೊತೆಗೇ ಹೋಗಬೇಕು. ಹಗಲಿನ ತೂಕಡಿಕೆ ಪೂರ್ತಿ ಹೋಗಿದೆಯೆಂದು ವೈದ್ಯರು ಹೇಳುವವರೆಗೆ ನಮ್ಮ ಗೃಹಸ್ಥರು ಸ್ಟೀರಿಂಗ್ ಮುಟ್ಟಬಾರದು. ದುಡಿಮೆ ನಿಂತ ಮನೆಗೆ ಈ ಮಾತು ಕಷ್ಟದ್ದು. ಬೆಟ್ಟದ ರಸ್ತೆಯಲ್ಲಿ ಎದುರಿನಿಂದ ಬರುವ ಬಸ್ಸಿನಲ್ಲೂ ಜನರಿರುತ್ತಾರೆ.

ಒಂದು ತಿಂಗಳ ಮೇಲೆ ಯಂತ್ರದ ಜೊತೆಗೆ ಮೈಸೂರಿನ ಬಸ್ಸು ಹತ್ತಬೇಕು. ಯಂತ್ರದೊಳಗಿನ ಲೆಕ್ಕವನ್ನು ವೈದ್ಯರು ತೆಗೆದು ನೋಡುತ್ತಾರೆ: ಎಷ್ಟು ರಾತ್ರಿ, ಎಷ್ಟು ಗಂಟೆ, ಎಷ್ಟು ಸೋರಿಕೆ, ಯಂತ್ರವಿದ್ದೂ ಗಂಟೆಗೆ ಎಷ್ಟು ಸಲ ಉಸಿರು ಕಟ್ಟಿತು. ಕೊನೆಯ ಅಂಕಿ ಐದರೊಳಗೆ ಬಂದಿದ್ದರೆ ಒತ್ತಡ ಸರಿಯಾಗಿದೆ. ಬಿ.ಪಿ. ಮಾತ್ರೆ ಹಾಗೆಯೇ ಮುಂದುವರಿಯುತ್ತದೆ, ಅದನ್ನು ತಾವಾಗಿ ಬಿಡುವಂತಿಲ್ಲ. ರಾತ್ರಿ ಎಷ್ಟು ಸಲ ಏಳುತ್ತೀರಿ ಎಂದು ವೈದ್ಯರು ಕೇಳಿದಾಗ ನಮ್ಮ ಗೃಹಸ್ಥರು ಯೋಚಿಸಿ ‘ಒಂದ್ಸಲ, ಕೆಲವು ದಿನ ಅದೂ ಇಲ್ಲ’ ಎಂದಾರು. ಹೆಂಡತಿಯನ್ನು ಕೇಳಿದರೆ ಅವರು ಬೇರೆಯೇ ದೂರು ಹೇಳಬಹುದು. ಮೊದಲ ಎರಡು ರಾತ್ರಿ ಗೊರಕೆಯಿಲ್ಲದೆ ಅವರಿಗೇ ನಿದ್ದೆ ಬರಲಿಲ್ಲವಂತೆ. ಎದ್ದು ಕುಳಿತು, ದೀಪ ಹಾಕದೆ, ಗಂಡನ ಎದೆ ಏರಿ ಇಳಿಯುವುದನ್ನು ಕೈಯಿಟ್ಟು ನೋಡಿ, ಆಮೇಲೆ ಮಲಗಿದರಂತೆ.